‘ಕೋರ್ ಬಿಲ್ಡ್-ಅಪ್’ಗೆ ಏನನ್ನೋಣ? ‘ಅಣಸು’ ಇನ್ನೂ ಬಳಕೆಯಲ್ಲಿದೆಯಾ?

ಎಲ್ಲರಿಗೂ ನಮಸ್ಕಾರ.

ತಂಗಿ ಹಲ್ಲಿನ ಡಾಕ್ಟರ್. ಅವಳ ಕ್ಲಿನಿಕ್ಕಿಗೆ ಬರುವವರಿಗೆ ಕೊಡಲು ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ರೂಟ್ ಕೆನಾಲ್, ಕ್ಯಾಪ್ ಎರಡೂ ಹಾಗೇ ಇರಲಿ, ಎಲ್ಲರ ಬಾಯಲ್ಲೂ ಇವೆ. ತೊಡಕು ಇರೋದು ಅವೆರಡರ ನಡುವೆ ನಡೆಯುವ ‘ಕೋರ್ ಬಿಲ್ಡ್-ಅಪ್’ನಲ್ಲಿ. ಬಿಲ್ಲಿನಲ್ಲಿ ಅದು ಬೇರೆ ಸಾಲಾಗಿ ಬಂದರೆ ‘ಇದ್ಯಾವುದು ಹೊಸದು?’ ಅಂತ ಕೇಳದವರೇ ಇಲ್ಲವಂತೆ.

ಕೆಲಸ ಇಷ್ಟೇ. ದವಡೆ ಹಲ್ಲು ಹುಳುಕಾಗಿಯೋ ಮುರಿದೋ ಮೋಟಾಗಿದ್ದರೆ ಕ್ಯಾಪ್ ಕೂರಲು ಹಿಡಿತ ಸಿಗುವುದಿಲ್ಲ. ಹುಳುಕನ್ನೆಲ್ಲ ಕೆರೆದು ತೆಗೆದು, ಉಳಿದ ಹಲ್ಲಿನ ಮೇಲೆ ಸಾಮಾನ್ಯವಾಗಿ ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತುವಾದ ಕಾಂಪೋಸಿಟ್‌ನಿಂದ ಮತ್ತೆ ಎತ್ತರಕ್ಕೆ ಕಟ್ಟಿ, ಅದನ್ನು ಉಜ್ಜಿ ಆಕಾರಕ್ಕೆ ತಂದ ಮೇಲೆ ಕ್ಯಾಪಿಗೆ ಅಳತೆ ತೆಗೆಯುತ್ತಾರೆ.

‘ಕೋರ್’ ಅಂದರೆ ತಿರುಳು ಅಂತ ಥಟ್ಟನೆ ಹೊಳೆಯುತ್ತದೆ. ಆದರೆ ಹಲ್ಲಿನ ತಿರುಳು ಅಂದರೆ ನರ, ರಕ್ತನಾಳ ಇರುವ ಒಳಗಿನ ಮೆತ್ತನೆಯ ಭಾಗ. ರೂಟ್ ಕೆನಾಲ್‌ನಲ್ಲಿ ತೆಗೆದು ಬಿಸಾಡೋದೇ ಅದನ್ನು! ನನಗೆ ‘ಒಡಲು ಕಟ್ಟುವುದು’ ಹಿಡಿಸಿತ್ತು, ತಂಗಿಗೆ ಅದು ಕವಿತೆಯ ಹಾಗೆ ಕೇಳಿಸಿತಂತೆ. ‘ಮೋಟು ಹಲ್ಲು ಕಟ್ಟುವುದು’ ಅಂದರೆ ಹೇಗೆ?

ಹಲ್ಲು ತೀರಾ ಕಡಿಮೆ ಉಳಿದಿದ್ದರೆ ಬೇರಿನೊಳಗೆ ಫೈಬರ್ ಅಥವಾ ಲೋಹದ ‘ಪೋಸ್ಟ್’ ಇಳಿಸುತ್ತಾರೆ, ತುದಿಯ 4-5 ಮಿ.ಮೀ. ಗಟ್ಟಾಪರ್ಚಾ (ರೂಟ್ ಕೆನಾಲ್ ಮಾಡಿದಾಗ ಬೇರಿನೊಳಗೆ ತುಂಬುವ ರಬ್ಬರಿನಂಥ ವಸ್ತು) ಮುಟ್ಟದೆ. ಇದಕ್ಕೆ ‘ಆಧಾರಕಂಬ’ ಬೇಡ. ಬೇರು ಗಟ್ಟಿಯಾಯಿತು ಅಂತ ಓದುವವರು ಅಂದುಕೊಳ್ಳುತ್ತಾರೆ. ಅದು ಮೇಲೆ ಕಟ್ಟಿದ್ದನ್ನು ಹಿಡಿದಿಡುತ್ತದೆ ಅಷ್ಟೇ, ಅದಕ್ಕಾಗಿ ಜಾಸ್ತಿ ಕೊರೆದರೆ ಬೇರೇ ಸೀಳಬಹುದು. ‘ಗೂಟ’ ಅಂದರೆ ನಗುತ್ತಾರೆ. ಸುಮ್ನೆ ‘ಕಡ್ಡಿ’ ಸಾಕಲ್ವಾ?

ನಿಜವಾಗಿ ನನಗೆ ಬೇಕಿರೋದು ‘ಫೆರೂಲ್’ಗೆ ಒಂದು ಪದ. ಕಟ್ಟಿದ ಭಾಗದ ಕೆಳಗೆ, ವಸಡಿನ ಮೇಲೆ, ಸುತ್ತಲೂ 1.5-2 ಮಿ.ಮೀ. ಗಟ್ಟಿ ಹಲ್ಲು ಉಳಿದಿರಬೇಕು. ಕ್ಯಾಪಿನ ಅಂಚು ಅದನ್ನು ಬಳೆಯಂತೆ ಸುತ್ತುವರಿದು ಹಿಡಿಯುತ್ತದೆ. ಆ ಹಿಡಿತಕ್ಕೆ ಫೆರೂಲ್ ಅನ್ನುತ್ತಾರೆ. ಇದು ಸಿಗದಿದ್ದರೆ ಎಷ್ಟು ಚೆನ್ನಾಗಿ ಕಟ್ಟಿದರೂ ಹಲ್ಲು ಬಾಳಿಕೆ ಬರೋದು ಕಷ್ಟ. ಕೆಲವೊಮ್ಮೆ ವಸಡು ಇಳಿಸಿ ಜಾಗ ಮಾಡಿಕೊಳ್ಳುತ್ತಾರೆ, ಇಲ್ಲವೆಂದರೆ ಕೀಳಿಸೋದೇ ವಾಸಿ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಈ ಪದ ಕೋಲಿನ ತುದಿಗೆ ಹಾಕುವ ಲೋಹದ ಬಳೆಗೂ ಇದೆ. ಒನಕೆಯ ತುದಿ ಸೀಳದಂತೆ ಹಾಕುವ ಕಬ್ಬಿಣದ ಬಳೆಗೆ ನಮ್ಮಲ್ಲಿ ‘ಅಣಸು’ ಇದೆಯಲ್ಲ, ಕೆಲಸವೂ ಅದೇ. ಆದರೆ ಒನಕೆಯನ್ನೇ ಮುಟ್ಟದವರಿಗೆ ಇದು ಅರ್ಥವಾದೀತಾ?

ನಿಮ್ಮ ಕಡೆ ಅಣಸು ಅಂತಲೇ ಅನ್ನುತ್ತಾರಾ, ಬೇರೆ ಹೆಸರಿದೆಯಾ? ಗುದ್ದಲಿ, ಕುಡುಗೋಲಿನ ಹಿಡಿಗೆ ಹಾಕುವ ಬಳೆಗೂ ಅದೇ ಪದವಾ? ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಕೇಳಿ ಬರೆಯಿರಿ.