ಕೊಡಗಿನ ನಕ್ಷೆಯ ಯುದ್ಧದಾಟದಲ್ಲಿ ರೈಲು: ಮಿತಿ ಹಾಕಬೇಕಾದ್ದು ವೇಗಕ್ಕೋ, ಸಾಮರ್ಥ್ಯಕ್ಕೋ?

ಮಾಂದಲಪಟ್ಟಿ (ಮಡಿಕೇರಿ)

ಕೊಡಗನ್ನು ನಡುವಿಗಿಟ್ಟುಕೊಂಡು 1942ರ ಕಾಲದ ಒಂದು ಕಾಲ್ಪನಿಕ ಯುದ್ಧದ ಆಟ ಕಟ್ಟುತ್ತಿದ್ದೇನೆ. ಶತ್ರು ಪಡೆ ಪಶ್ಚಿಮ ಕರಾವಳಿಯಲ್ಲಿ ಇಳಿದಿದೆ, ತಡೆಯುವ ಪಡೆ ಬೆಂಗಳೂರಿನಿಂದ ಬರಬೇಕು. ಒಂದು ಹೆಕ್ಸ್ (ನಕ್ಷೆಯ ಆರು ಮೂಲೆಯ ಮನೆ) 10 ಕಿಮೀ, ಒಂದು ಟರ್ನ್ (ಸರದಿ) ಒಂದು ದಿನ, ಒಂದು ಕೌಂಟರ್ (ಪಡೆಯನ್ನು ತೋರಿಸುವ ಬಿಲ್ಲೆ) ಒಂದು ಬ್ರಿಗೇಡ್.

ಕೊಡಗಿಗೆ ಆಗಲೂ ರೈಲಿಲ್ಲ, ಈಗಲೂ ಇಲ್ಲ. ಆಗ ಪೂರ್ವಕ್ಕೆ ಮೈಸೂರಿನ ಮೀಟರ್ ಗೇಜ್ (ಕಿರಿದಾದ ಹಳಿ), ಪಶ್ಚಿಮಕ್ಕೆ ತಲಚೇರಿ–ಮಂಗಳೂರಿನ ಬ್ರಾಡ್ ಗೇಜ್ (ಅಗಲ ಹಳಿ), ನಡುವೆ ಘಟ್ಟ. ಆಟದ ಸ್ವಾರಸ್ಯವೇ ಇದು. ಆದರೆ ರೈಲಿನ ನಿಯಮ ಅದನ್ನು ಹಾಳು ಮಾಡುತ್ತಿದೆ.

ಮೊದಲು ಕಂಪ್ಯೂಟರ್ ಆಟ ಸಿವಿಲೈಜೇಷನ್‌ನ ಮೊದಲ ಮೂರು ಆವೃತ್ತಿಗಳ ಹಾಗೆ ಹಳಿಯ ಮೇಲೆ ಚಲನೆಗೆ ಖರ್ಚೇ ಇಲ್ಲ ಎಂದಿಟ್ಟೆ. ಇಡೀ ಸೈನ್ಯ ಬೆಂಗಳೂರಿನಲ್ಲಿ ಕೂತು, ಬೇಕಾದ ಕಡೆಗೆ ಅದೇ ದಿನ ಹಾಜರಾಗುತ್ತದೆ. ಆಮೇಲೆ ದಿನಕ್ಕೆ 25 ಹೆಕ್ಸ್ ಮಿತಿ ಹಾಕಿದೆ. ಬೆಂಗಳೂರು–ಮೈಸೂರು ಹಳಿ 139 ಕಿಮೀ, ಅಂದರೆ 14 ಹೆಕ್ಸ್. ಮಿತಿ ಇದ್ದರೂ ಇಲ್ಲದಿದ್ದರೂ ಒಂದೇ. ಕೊನೆಗೆ ಪ್ರತಿ ರೈಲಿಗೂ ಒಂದು ಕೌಂಟರ್ ಮಾಡಿದರೆ ಒಂದು ಟರ್ನ್‌ಗೆ 40 ನಿಮಿಷ ಹಿಡಿಯುತ್ತದೆ. ನಿಜಕ್ಕೆ ಹತ್ತಿರವಿರಬೇಕು, ಆದರೆ ಆಟಗಾರ ರೈಲಿನ ಮೇಲೆ ಟರ್ನ್‌ಗೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಕಳೆಯಬಾರದು. ದಾರಿ ಇದೆಯೇ?

---

ಹೊಗೆಬಂಡಿ (ಮೈಸೂರು)

ಮಾಂದಲಪಟ್ಟಿಯವರೇ, ವೇಗವನ್ನು ಬಿಟ್ಟುಬಿಡಿ. ಸೈನ್ಯ ಸಾಗಿಸುವಾಗ ರೈಲನ್ನು ಕಟ್ಟಿಹಾಕುವುದು ದೂರವಲ್ಲ, ದಿನಕ್ಕೆ ಆ ಹಳಿಯ ಮೇಲೆ ಎಷ್ಟು ರೈಲು ಬಿಡಬಹುದು ಎಂಬ ಲೆಕ್ಕ.

ಸಿಂಗಲ್ ಲೈನ್‌ನಲ್ಲಿ ಎರಡು ಸ್ಟೇಷನ್ ನಡುವಿನ ಬ್ಲಾಕ್ ಸೆಕ್ಷನ್‌ನಲ್ಲಿ ಒಂದು ಹೊತ್ತಿಗೆ ಒಂದೇ ರೈಲು. ಹಾಗಾಗಿ ಇಡೀ ಲೈನ್‌ನ ಸಾಮರ್ಥ್ಯವನ್ನು ತೀರ್ಮಾನಿಸುವುದು ದಾಟಲು ಅತಿ ಹೆಚ್ಚು ಹೊತ್ತು ಹಿಡಿಯುವ ಒಂದು ಸೆಕ್ಷನ್. ನಮ್ಮ ರೈಲ್ವೆಯಲ್ಲಿ ಬಳಸುವ ಸ್ಕಾಟ್ ಸೂತ್ರ ಸರಳವಾಗಿದೆ: ದಿನದ 1,440 ನಿಮಿಷವನ್ನು, ಆ ಸೆಕ್ಷನ್ ದಾಟುವ ಸಮಯ ಮತ್ತು ಬ್ಲಾಕ್ ಪಡೆಯುವ ಸಮಯದ ಮೊತ್ತದಿಂದ ಭಾಗಿಸಿ, 0.7ರಿಂದ ಗುಣಿಸಿ. ಸ್ಟೇಷನ್‌ಗಳ ನಡುವೆ 10 ಕಿಮೀ, ಗಂಟೆಗೆ 25 ಕಿಮೀ ಹೋಗುವ ನಿಧಾನದ ಗೂಡ್ಸ್ ಎಂದುಕೊಂಡರೆ ದಾಟಲು 24 ನಿಮಿಷ. ಟೋಕನ್ (ಬ್ಲಾಕ್‌ಗೆ ಹೋಗಲು ಚಾಲಕನಿಗೆ ಕೊಡುವ ಅನುಮತಿಯ ಗುರುತು) ಬದಲಾವಣೆಗೆ 5 ನಿಮಿಷ ಸೇರಿಸಿ. 1,440ರ 0.7 ಪಾಲಾದ 1,008ನ್ನು 29ರಿಂದ ಭಾಗಿಸಿದರೆ 34 ರೈಲು. ಇದು ಎರಡೂ ದಿಕ್ಕು ಸೇರಿ. ಹೋದ ರೇಕ್ (ಒಂದು ರೈಲಿನ ಬೋಗಿಗಳ ಸಾಲು) ಖಾಲಿಯಾಗಿ ವಾಪಸು ಬರಲೇಬೇಕು, ಹಾಗಾಗಿ ಒಂದು ದಿಕ್ಕಿಗೆ 17. ಊರವರ ರೈಲು, ಕಲ್ಲಿದ್ದಲು, ಟಪಾಲಿಗೆ 5 ಬಿಟ್ಟರೆ ಸೈನ್ಯಕ್ಕೆ ಉಳಿಯುವುದು ದಿನಕ್ಕೆ 12.

ಈಗ ಕೆಲವು ಬ್ರಿಗೇಡ್ ಸೇರಿದ ಒಂದು ಪದಾತಿ ಡಿವಿಷನ್‌ಗೆ ವಾಹನ, ತೋಪು, ಸಾಮಾನು ಸಮೇತ 60 ರೈಲು ಎಂದಿಟ್ಟುಕೊಳ್ಳಿ. ಮೀಟರ್ ಗೇಜ್‌ನ ಗಾಡಿ ಚಿಕ್ಕದು, ಆಟಕ್ಕೆ ಒಂದೂವರೆ ಪಟ್ಟು ಹಿಡಿದರೆ 90. ದಿನಕ್ಕೆ 12ರಂತೆ ಏಳೂವರೆ ದಿನ. ಒಂದೊಂದು ರೈಲಿಗೆ ಬೆಂಗಳೂರಿನಿಂದ ಮೈಸೂರಿಗೆ 7 ಗಂಟೆ ಸಾಕು, ಆದರೆ ಡಿವಿಷನ್ ಪೂರ್ತಿ ಬಂದು ಸೇರಲು ಒಂದು ವಾರ. ಇದೇ ಡಿವಿಷನ್ ದಿನಕ್ಕೆ 25 ಕಿಮೀ ನಡೆದರೂ ಆರನೆಯ ದಿನ ಮೈಸೂರಿನಲ್ಲಿರುತ್ತದೆ!

ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ, ಉತ್ತರದವರು ವರ್ಜೀನಿಯಾದಿಂದ ಚಟನೂಗದ ಕಡೆಗೆ 20 ಸಾವಿರಕ್ಕೂ ಹೆಚ್ಚು ಸೈನಿಕರನ್ನು ಸುಮಾರು 1,900 ಕಿಮೀ ಸಾಗಿಸಿದ್ದು ಎರಡು ವಾರದೊಳಗೆ. ದೂರ ಹೆಚ್ಚಿದಷ್ಟೂ ರೈಲಿಗೆ ಲಾಭ, ಹತ್ತಿರಕ್ಕೆ ಕಾಲೇ ವಾಸಿ. ನಿಮ್ಮ ಆಟದಲ್ಲಿ ಈ ಆಯ್ಕೆ ಬಂದರೆ ನಿಜವೂ ಉಳಿಯುತ್ತದೆ, ಸ್ವಾರಸ್ಯವೂ ಉಳಿಯುತ್ತದೆ.

---

ಸೋಮವಾರಪೇಟೆ ಹೆಕ್ಸ್

ಹೊಗೆಬಂಡಿಯವರ ಲೆಕ್ಕವನ್ನು ಆಟದ ನಿಯಮವಾಗಿ ಇಳಿಸೋಣ.

3 ರೈಲಿಗೆ 1 ಪಾಯಿಂಟ್ ಎನ್ನಿ. ಮೈಸೂರು ಲೈನ್‌ನ ಸಾಮರ್ಥ್ಯ ಟರ್ನ್‌ಗೆ 4 ಪಾಯಿಂಟ್. ಕೌಂಟರ್‌ನ ಮೂಲೆಯಲ್ಲಿ ಅದರ ರೈಲು ಭಾರ ಅಚ್ಚು ಹಾಕಿ: ವಾಹನ ಸಮೇತ ಪದಾತಿ ಬ್ರಿಗೇಡ್ 5, ಬರೀ ಜನ 2, ಟ್ಯಾಂಕ್ ಬ್ರಿಗೇಡ್ 8, ಮದ್ದುಗುಂಡಿನ ಡಿಪೋ 2. ಮೀಟರ್ ಗೇಜ್‌ನಲ್ಲಿ ಒಂದೂವರೆ ಪಟ್ಟು, ಅರ್ಧ ಬಂದರೆ ಮೇಲಕ್ಕೆ ಏರಿಸಿ. ಆಟಗಾರ ಮಾಡಬೇಕಾದ್ದು ಇಷ್ಟೇ: ಹೊರಡುವ ಕೌಂಟರನ್ನು ಹತ್ತುವ ಸ್ಟೇಷನ್‌ನ ಪೆಟ್ಟಿಗೆಯಲ್ಲಿಡುವುದು, ಪ್ರತಿ ಟರ್ನ್ ಲೈನ್‌ನ ಪಾಯಿಂಟ್‌ಗಳನ್ನು ಅದರ ಮೇಲೆ ಖರ್ಚು ಮಾಡುವುದು. ಭಾರ ತೀರಿದ ಮರುದಿನ ಕೌಂಟರ್ ಇಳಿಯುವ ಸ್ಟೇಷನ್‌ನಲ್ಲಿ. ಹಳಿಯುದ್ದಕ್ಕೂ ಕೌಂಟರ್ ತಳ್ಳುವ ಕೆಲಸವೇ ಇಲ್ಲ.

ಮೂರು ಕಟ್ಟು ಮಾತ್ರ ಬಿಗಿಯಾಗಿರಲಿ. ಹತ್ತುವ, ಇಳಿಯುವ ಹೆಕ್ಸ್‌ನ ಪಕ್ಕ ಶತ್ರು ಇರಬಾರದು. ಇಳಿದ ದಿನ ದಾಳಿ ಮಾಡುವಂತಿಲ್ಲ, ರಕ್ಷಣೆಯ ಬಲವೂ ಅರ್ಧ. ಪೆಟ್ಟಿಗೆಯೊಳಗಿರುವ ಕೌಂಟರ್ ಎಲ್ಲೂ ಹೋರಾಡುವುದಿಲ್ಲ, ಅರ್ಧ ಅಲ್ಲಿ ಅರ್ಧ ಇಲ್ಲಿ ಎಂಬಂತೆ. ಈ ಮೂರನೆಯದೇ ಮುಖ್ಯ. ಇದಿಲ್ಲದಿದ್ದರೆ ಆಟಗಾರ ಎಲ್ಲವನ್ನೂ ಸುಮ್ಮನೆ ರೈಲಿಗೆ ಹತ್ತಿಸಿಟ್ಟು ಕಾಯುತ್ತಾನೆ. ಇದಿದ್ದರೆ, ಹತ್ತಿಸಿದ ಗಳಿಗೆಯಿಂದ ಆ ಬ್ರಿಗೇಡ್ ಎರಡು ದಿನ ಯಾರ ಕೈಗೂ ಸಿಗುವುದಿಲ್ಲ ಎಂಬ ಭಯ ಅವನಿಗಿರುತ್ತದೆ.

ಇಳಿಯುವ ಸ್ಟೇಷನ್‌ಗೂ ಬೇರೆ ಮಿತಿ ಬೇಕು. ಟ್ಯಾಂಕ್, ಲಾರಿ ಇಳಿಸಲು ತುದಿ ರ‍್ಯಾಂಪ್ ಇರುವ ಸೈಡಿಂಗ್ (ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿ) ಬೇಕು, ಎಲ್ಲ ಸ್ಟೇಷನ್‌ನಲ್ಲೂ ಅದಿರುವುದಿಲ್ಲ. ಮೈಸೂರಿಗೆ 4, ದಾರಿಯ ಚಿಕ್ಕ ಸ್ಟೇಷನ್‌ಗೆ 1 ಕೊಡಿ. ಲೈನ್ ಖಾಲಿ ಇದ್ದರೂ ಯಾರ್ಡ್ ತುಂಬಿ ರೈಲು ಹಿಂದಕ್ಕೆ ಸಾಲುಗಟ್ಟುವುದು ಯುದ್ಧಕಾಲದ ಸಾಮಾನ್ಯ ತೊಡಕು.

---

ಗೋಣಿಕೊಪ್ಪ ಗೇಜು

ಒಂದು ತಿದ್ದುಪಡಿ. ಏಳೂವರೆ ದಿನ ಎಂಬುದು ಎಲ್ಲವನ್ನೂ ರೈಲಿನಲ್ಲೇ ಹಾಕಿದರೆ. 1942ರಲ್ಲಿ ಲಾರಿಗಳಿವೆ, ಅವು 139 ಕಿಮೀಯನ್ನು ರಸ್ತೆಯಲ್ಲೇ ಮುಗಿಸುತ್ತವೆ. 12 ಸಾವಿರ ಜನ ಮಾತ್ರ ರೈಲಿಗೆ ಎಂದರೆ, ರೈಲಿಗೆ 750ರಂತೆ 16, ಮೀಟರ್ ಗೇಜ್‌ನಲ್ಲಿ 24, ಅಂದರೆ ಎರಡೇ ದಿನ. ರೈಲು ಬೇಕೇ ಬೇಕಾಗುವುದು ಟ್ಯಾಂಕಿಗೆ (ರಸ್ತೆಯಲ್ಲಿ ಓಡಿಸಿದರೆ ಟ್ರ್ಯಾಕ್ ಸವೆಯುತ್ತದೆ), ಭಾರಿ ತೋಪಿಗೆ, ದಿನನಿತ್ಯದ ರೇಷನ್ ಮದ್ದುಗುಂಡಿಗೆ. ಹಾಗಾಗಿ ಕೌಂಟರನ್ನು ಒಡೆದು ಸಾಗಿಸಲು ಅವಕಾಶ ಕೊಡಿ, ಆದರೆ ಒಡೆದ ಭಾಗಗಳು ಒಂದೇ ಹೆಕ್ಸ್‌ನಲ್ಲಿ ಸೇರುವ ತನಕ ಬಲ ಅರ್ಧ ಎಂದಿಡಿ.

ಇನ್ನೊಂದು. ದೂರಕ್ಕೆ ಲೆಕ್ಕವೇ ಇಲ್ಲ ಎಂದು ಯಾರಾದರೂ ಅರ್ಥ ಮಾಡಿಕೊಂಡರೆ ತಪ್ಪು. ದೂರ ನುಂಗುವುದು ರೇಕ್‌ಗಳನ್ನು. ಬೆಂಗಳೂರು–ಮೈಸೂರು ಹೋಗಲು 7 ಗಂಟೆ, ಬರಲು 7, ತುಂಬಲು ಇಳಿಸಲು ತಲಾ 6: ಒಂದು ಸುತ್ತಿಗೆ 26 ಗಂಟೆ. ದಿನಕ್ಕೆ 12 ರೈಲು ಬಿಡಲು 13 ರೇಕ್ ಸಾಕು. ಅದೇ ಪಡೆಯನ್ನು ತಲಚೇರಿಗೆ ಕಳಿಸಬೇಕಾದರೆ ಜೋಲಾರಪೇಟೆ, ಸೇಲಂ, ಈರೋಡ್, ಪಾಲಕ್ಕಾಡ್, ಶೊರನೂರು ಸುತ್ತಬೇಕು. 600 ಕಿಮೀಗಿಂತ ಹೆಚ್ಚು. ಗಂಟೆಗೆ 20 ಕಿಮೀ ಸರಾಸರಿಯಲ್ಲಿ ಹೋಗಿಬರಲು ಮತ್ತು ತುಂಬಿ ಇಳಿಸಲು ಸುಮಾರು 79 ಗಂಟೆ, ಅದೇ 12 ರೈಲಿಗೆ 40 ರೇಕ್ ಬೇಕು. ಆಟಗಾರನಿಗೆ 20 ರೇಕ್ ಮಾತ್ರ ಕೊಟ್ಟರೆ ತಲಚೇರಿಗೆ ದಿನಕ್ಕೆ 6 ರೈಲು, ಅಷ್ಟೇ. ಲೈನ್ ಖಾಲಿ ಬಿದ್ದಿದ್ದರೂ ಬಿಡಲು ಗಾಡಿ ಇರುವುದಿಲ್ಲ. ಒಂದೇ ಅಂಕಿಯಲ್ಲಿ ದೂರವೂ ಆಟದೊಳಗೆ ಬಂತು.

---

ಮಾಂದಲಪಟ್ಟಿ (ಮಡಿಕೇರಿ)

ತುಂಬ ಉಪಕಾರ. ಪೆಟ್ಟಿಗೆಯ ಪದ್ಧತಿ ಮತ್ತು ರೇಕ್‌ನ ಲೆಕ್ಕ ಎರಡನ್ನೂ ತೆಗೆದುಕೊಳ್ಳುತ್ತೇನೆ. ಮೂರು ಸಂಶಯ ಉಳಿದಿವೆ. ಗೇಜ್ ಬದಲಾವಣೆಯನ್ನು ಹೇಗೆ ತೋರಿಸಲಿ? ಆಟಗಾರ ಮೈಸೂರಿನಿಂದ ಕುಶಾಲನಗರಕ್ಕೆ, ಅಲ್ಲಿಂದ ಮಡಿಕೇರಿಗೆ ಹೊಸ ಹಳಿ ಹಾಕುತ್ತೇನೆ ಎಂದರೆ ಬಿಡಬಹುದೇ? ಮಳೆಗಾಲಕ್ಕೆ ಏನು ನಿಯಮ?

---

ಬ್ಯಾಂಕರ್ ಎಂಜಿನ್ (ಸುಳ್ಯ)

ಗೇಜ್: ಬ್ರಾಡ್ 1,676 ಮಿಮೀ, ಮೀಟರ್ 1,000 ಮಿಮೀ. ಒಂದರ ರೇಕ್ ಇನ್ನೊಂದರ ಮೇಲೆ ಓಡದು. ಎರಡು ಗೇಜ್‌ಗೆ ಎರಡು ರೇಕ್ ಸಂಗ್ರಹ ಇಡಿ, ಬೆಂಗಳೂರಿನಲ್ಲಿ ಸರಕು ದಾಟಿಸುವ ಮಿತಿಯನ್ನು ಲೈನ್‌ಗಿಂತ ಕಡಿಮೆ ಇಡಿ, 2 ಪಾಯಿಂಟ್ ಸಾಕು. ಜನ ಇಳಿದು ಪಕ್ಕದ ಪ್ಲಾಟ್‌ಫಾರಂಗೆ ನಡೆಯುತ್ತಾರೆ, ಮದ್ದುಗುಂಡಿನ ಪೆಟ್ಟಿಗೆ ನಡೆಯುವುದಿಲ್ಲ, ಹಮಾಲಿಗಳು ಹೊರಬೇಕು. ಹಾಗಾಗಿ ಬರೀ ಜನರ ಕೌಂಟರ್‌ಗೆ ಈ ಮಿತಿ ಬೇಡ. ಶತ್ರು ನಿಮ್ಮ ಹಳಿ ಹಿಡಿದರೆ ತಕ್ಷಣ ಬಳಸುವಂತಿರಬಾರದು. 1941ರಲ್ಲಿ ಜರ್ಮನ್ನರು ರಷ್ಯಾದ 1,524 ಮಿಮೀ ಹಳಿಯನ್ನು 1,435ಕ್ಕೆ ಒತ್ತರಿಸಿ ಕೂರಿಸಿದರು. ಆದರೂ ನೀರು ತುಂಬುವ ಸ್ಟೇಷನ್‌ಗಳ ಅಂತರ ಅವರ ಎಂಜಿನ್‌ಗೆ ಹೆಚ್ಚಾಗಿತ್ತು. ಹಳಿ ಸರಿಹೋದ ಮಾತ್ರಕ್ಕೆ ಲೈನ್ ಸರಿಹೋಗುವುದಿಲ್ಲ. ನಿಮ್ಮ ಕರಾವಳಿಯ ಶತ್ರು ಎಂಜಿನ್, ಗಾಡಿ ಹೊತ್ತು ತಂದಿರುವುದಿಲ್ಲ, ವಶಪಡಿಸಿಕೊಂಡ ರೇಕ್ ಎಷ್ಟೋ ಅಷ್ಟೇ ಅವನ ಸಾಮರ್ಥ್ಯ. ಹಿಮ್ಮೆಟ್ಟುವಾಗ ರೇಕ್‌ಗಳನ್ನು ಶೊರನೂರಿನ ಕಡೆಗೆ ಎಳೆದುಕೊಂಡು ಹೋಗುವುದೇ ರಕ್ಷಕನ ಮೊದಲ ಕೆಲಸವಾಗುತ್ತದೆ, ಆ ನಡೆ ಆಟದಲ್ಲಿ ಇರಲಿ.

ಹೊಸ ಹಳಿ: ಕುಶಾಲನಗರದವರೆಗೆ ಬಿಡಬಹುದು, ನೆಲ ಒಪ್ಪುತ್ತದೆ, ಆದರೆ ನಿಮ್ಮ ಆಟದ ಅವಧಿ ಕೆಲವೇ ವಾರವಾದರೆ ಕೆಲಸ ಮುಗಿಯುವುದಿಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಸುವ ಯೋಚನೆ ಬೇಡವೇ ಬೇಡ. ಲೆಕ್ಕ ನೋಡಿ. 50ಕ್ಕೆ 1ರ ಏರಿನಲ್ಲಿ ಸಾವಿರ ಮೀಟರ್ ಇಳಿಯಲು 50 ಕಿಮೀ ಹಳಿ ಬೇಕು, ರಸ್ತೆಯ ದೂರ ಅದರ ಅರ್ಧದ ಆಸುಪಾಸು. ಉಳಿದದ್ದನ್ನು ಸುತ್ತಿ ಬಳಸಿ, ಸುರಂಗ ಕೊರೆದು ತುಂಬಿಸಬೇಕು. ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ಘಾಟ್ ಸೆಕ್ಷನ್ ಇದೇ 50ಕ್ಕೆ 1ರದ್ದು: ಸುಮಾರು 55 ಕಿಮೀ, 57 ಸುರಂಗ. ಅದು ತೆರೆದದ್ದು 1979ರಲ್ಲಿ, ಹಾಗಾಗಿ ನಿಮ್ಮ 1942ರ ನಕ್ಷೆಯಲ್ಲಿ ಅದನ್ನು ಬಿಡಿಸಬೇಡಿ.

ಏರು ಎಳೆತವನ್ನು ಹೇಗೆ ತಿನ್ನುತ್ತದೆ ಎಂಬುದೂ ಗೊತ್ತಿರಲಿ, ನೀಲಗಿರಿ ಕಡೆಗೆ ನಕ್ಷೆ ಹಿಗ್ಗಿಸಿದರೆ ಬೇಕಾಗುತ್ತದೆ. ಸಮತಟ್ಟಿನಲ್ಲಿ ಒಂದು ಟನ್ ಎಳೆಯಲು ಸುಮಾರು 4 ಕಿಲೋ ಬಲ. 100ಕ್ಕೆ 1ರ ಏರು ಅದಕ್ಕೆ 10 ಸೇರಿಸುತ್ತದೆ, 50ಕ್ಕೆ 1ರದ್ದು 20. 8 ಟನ್ ಬಲದಿಂದ ಎಳೆಯುವ ಎಂಜಿನ್, ತನ್ನ ತೂಕವೂ ಸೇರಿ, ಸಮತಟ್ಟಿನಲ್ಲಿ 2,000 ಟನ್, 100ಕ್ಕೆ 1ರಲ್ಲಿ 570, 50ಕ್ಕೆ 1ರಲ್ಲಿ 330. ತಿರುವುಗಳ ಘರ್ಷಣೆ ಬೇರೆ. ಸಮತಟ್ಟಿನಲ್ಲಿ, ರೈಲುಗಳು ಒಂದನ್ನೊಂದು ದಾಟಲು ಸ್ಟೇಷನ್ನಿನಲ್ಲಿರುವ ಲೂಪ್ ಲೈನ್‌ನ ಉದ್ದವೇ ರೈಲಿನ ಉದ್ದಕ್ಕೆ ಮಿತಿಯಾಗುವುದರಿಂದ ಆರನೇ ಒಂದು ಎಂದು ಇಳಿಸುವುದು ಬೇಡ, ಘಟ್ಟದ ಲೈನ್‌ಗೆ ಮೂರನೇ ಒಂದು ಸಾಮರ್ಥ್ಯ ಕೊಡಿ. ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಇಟ್ಟರೆ ಅರ್ಧಕ್ಕೆ ಏರಲಿ, ಆದರೆ ಆ ಎಂಜಿನ್ ಬೇರೆಡೆ ಕಡಿಮೆಯಾಗಲಿ.

ಮಳೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಪಾಜೆ ಮತ್ತು ಮಾಕುಟ್ಟ ಘಟ್ಟದ ರಸ್ತೆಗಳಿಗೆ ಪ್ರತಿ ಟರ್ನ್ ದಾಳ ಹಾಕಿ. 1 ಬಂದರೆ ಗುಡ್ಡ ಜರಿದು ರಸ್ತೆ ಬಂದ್. ಮತ್ತೆ ತೆರೆಯುವ ಅವಧಿಯನ್ನೂ ದಾಳವೇ ಹೇಳಲಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದು ಮಡಿಕೇರಿ–ಮಂಗಳೂರು ರಸ್ತೆಯೂ, ಅಲ್ಲಿಯದೇ ಗುಡ್ಡ ಜರಿದು ಸಕಲೇಶಪುರ ಘಾಟಿನ ರೈಲೂ ಒಟ್ಟಿಗೆ ನಿಂತಿದ್ದವು. ಹಾಗಾಗಿ ಒಂದು ದಾಳಕ್ಕೆ ಎರಡು ದಾರಿಯನ್ನೂ ಕಟ್ಟಿದರೆ ತಪ್ಪಲ್ಲ.

---

ಹೊಗೆಬಂಡಿ (ಮೈಸೂರು)

ಎಲ್ಲರೂ ಹಳಿಯ ಮೇಲೆಯೇ ನಿಂತೆವು. ಮೈಸೂರಿನಲ್ಲಿ ಇಳಿದ ಮೇಲೆ ಮಡಿಕೇರಿಗೆ ಇನ್ನೂ 120 ಕಿಮೀ ರಸ್ತೆ ಇದೆ. ಡಿವಿಷನ್‌ಗೆ ದಿನಕ್ಕೆ 200 ಟನ್ ಸಾಮಗ್ರಿ ಎಂದಿಟ್ಟುಕೊಂಡರೆ 3 ಟನ್ನಿನ ಲಾರಿ ದಿನಕ್ಕೆ 67. ಹೋಗಿಬರಲು ಎರಡು ದಿನ, ಹಾಗಾಗಿ 134. ಕಾಲು ಭಾಗ ರಿಪೇರಿಯಲ್ಲಿ ನಿಂತಿರುತ್ತದೆ ಎಂದು ಹಿಡಿದರೆ ಸುಮಾರು 180. ಲಾರಿಯ ಸಂಗ್ರಹವನ್ನೂ ರೇಕ್‌ನಂತೆಯೇ ಒಂದು ಅಂಕಿಯಾಗಿ ಇಡಿ. ಗೋಣಿಕೊಪ್ಪದವರು ಹೇಳಿದಂತೆ ಡಿವಿಷನ್‌ನ ಲಾರಿಗಳು ರಸ್ತೆಯಲ್ಲಿ ಬರುವ ಆ ಎರಡು ದಿನ ಸರಬರಾಜಿಗೆ ಸಿಗಬಾರದು.

ಶ್ರೀರಂಗಪಟ್ಟಣದಲ್ಲಿ ಮೈಸೂರಿನ ಹಳಿ ಕಾವೇರಿಯ ಕವಲುಗಳನ್ನು ದಾಟುತ್ತದೆ. ಬಾಂಬ್ ದಾಳಿಗೆ ಅದೊಂದೇ ಗುರಿ ಸಾಕು. ಬಯಲಿನ ಹಳಿ ಮುರಿದರೆ ಒಂದು ಟರ್ನ್‌ನಲ್ಲಿ ಸರಿಹೋಗಲಿ. ಸೇತುವೆ ಬಿದ್ದರೆ 7 ಟರ್ನ್, ಆಮೇಲೂ ಮರದ ತಾತ್ಕಾಲಿಕ ಸೇತುವೆಯ ಮೇಲೆ ಅರ್ಧ ಸಾಮರ್ಥ್ಯ.

---

ಸೋಮವಾರಪೇಟೆ ಹೆಕ್ಸ್

ಮುಂದೆ ಇದನ್ನು ಕಂಪ್ಯೂಟರಿಗೆ ತರುವ ಯೋಚನೆ ಇದ್ದರೆ, ಪ್ರತಿ ಹೆಕ್ಸ್‌ನ ಹಳಿಗೂ ಸಾಮರ್ಥ್ಯದ ಅಂಕಿ ಕೊಡಬೇಡಿ. ದಾರಿ ಹುಡುಕುವ ಕೋಡ್ ತುಂಬಿದ ತುಂಡನ್ನು ತಪ್ಪಿಸಲು ಬೆಂಗಳೂರಿನಿಂದ ಅರಸೀಕೆರೆ, ಹಾಸನ ಸುತ್ತಿ ಮೈಸೂರಿಗೆ ಕಳಿಸುತ್ತದೆ, ಆಟಗಾರನಿಗೆ ಯಾಕೆಂದೇ ತಿಳಿಯುವುದಿಲ್ಲ. ಜಂಕ್ಷನ್‌ನಿಂದ ಜಂಕ್ಷನ್‌ವರೆಗೆ ಒಂದು ಲೈನ್, ಅದಕ್ಕೊಂದು ಅಂಕಿ. ಸೇತುವೆ, ಘಟ್ಟ ಇದ್ದರೆ ಆ ಲೈನ್‌ನ ಅಂಕಿಯನ್ನೇ ಇಳಿಸಿ. ಕೌಂಟರ್ ಮೇಲೆ ಮೌಸ್ ಇಟ್ಟಾಗ ‘ಪೂರ್ತಿ ತಲುಪುವುದು 4ನೇ ದಿನ’ ಎಂದು ಒಂದೇ ಸಾಲು ಕಾಣಬೇಕು. ಪಾಯಿಂಟ್ ಕಳೆಯುವುದು ಹೊರಡುವಾಗ, ತಲುಪಿದಾಗಲ್ಲ. ತಲುಪಿದಾಗ ಕಳೆದರೆ ಒಂದೇ ದಿನದ ಸಾಮರ್ಥ್ಯವನ್ನು ಎರಡು ಬ್ರಿಗೇಡ್‌ಗಳು ಹಂಚಿಕೊಳ್ಳದೆ ಪೂರ್ತಿಯಾಗಿ ಬಳಸಿಕೊಳ್ಳುತ್ತವೆ. ಪರೀಕ್ಷೆಗೆ ಬರೀ ಜನರ ಮೂರು ಬ್ರಿಗೇಡನ್ನು ಮೈಸೂರಿಗೆ ಒಟ್ಟಿಗೆ ಬುಕ್ ಮಾಡಿ ನೋಡಿ. ಮೀಟರ್ ಗೇಜ್‌ನಲ್ಲಿ ತಲಾ 3, ಒಟ್ಟು 9 ಪಾಯಿಂಟ್, ಟರ್ನ್‌ಗೆ 4. ಕೊನೆಯದು ಮೂರನೆಯ ದಿನ ಹತ್ತಿ ನಾಲ್ಕನೆಯ ದಿನ ಇಳಿಯಬೇಕು. ಅದಕ್ಕಿಂತ ಬೇಗ ಬಂದರೆ ಎಣಿಕೆ ಎಲ್ಲೋ ಸೋರುತ್ತಿದೆ.