2020ರಲ್ಲಿ ಅಮೆರಿಕದವರಿಗೆ ಸರ್ಕಾರದ ಎರಡನೇ ಕೊರೊನಾ ಪರಿಹಾರದ ಚೆಕ್ ಬರುವುದಕ್ಕೆ ಅಷ್ಟು ತಡ ಯಾಕೆ?

ಕಾಫಿಪುಡಿ: ಮಾರ್ಚ್‌ನಲ್ಲಿ ಕೊರೊನಾ ಪರಿಹಾರದ ಕೇರ್ಸ್ ಆ್ಯಕ್ಟ್ ಮೇಲ್ಮನೆ ಸೆನೆಟ್‌ನಲ್ಲಿ 96-0 ಮತಗಳಿಂದ ಪಾಸಾಯಿತು. ತಲೆಗೆ 1,200 ಡಾಲರ್‌ವರೆಗೆ ಕೊಟ್ಟರು, ಕೆಲಸ ಕಳೆದುಕೊಂಡವರಿಗೆ ವಾರಕ್ಕೆ 600 ಜಾಸ್ತಿ. ಆಮೇಲೆ ಡಿಸೆಂಬರ್‌ವರೆಗೂ ಯಾಕೆ ಕಚ್ಚಾಡಿದರು?

ಮಲ್ನಾಡ್_ಮಳೆ: ಚುನಾವಣೆ ಮುಂದಿತ್ತಲ್ವಾ! ಮೇ ತಿಂಗಳಲ್ಲಿ ಡೆಮಾಕ್ರಟರು ಕೆಳಮನೆ ಹೌಸ್‌ನಲ್ಲಿ 3 ಲಕ್ಷ ಕೋಟಿ ಡಾಲರ್‌ನ ಹೀರೋಸ್ ಆ್ಯಕ್ಟ್ ಅನ್ನೋ ಮುಂದಿನ ಪರಿಹಾರ ಮಸೂದೆ ಪಾಸ್ ಮಾಡಿದರು, ರಿಪಬ್ಲಿಕನ್ನರ ಕೈಲಿದ್ದ ಸೆನೆಟ್ ಅದನ್ನು ಮುಟ್ಟಲೇ ಇಲ್ಲ. ಡೆಮಾಕ್ರಟರಿಗೆ ರಾಜ್ಯಗಳಿಗೆ ದುಡ್ಡು ಬೇಕು, ರಿಪಬ್ಲಿಕನ್ನರಿಗೆ ಕಂಪನಿಗಳ ಮೇಲೆ ಕೊರೊನಾ ಕೇಸ್ ಬೀಳಬಾರದು. ಜುಲೈ ಕೊನೆಗೆ ಆ ವಾರದ 600 ಕೂಡ ನಿಂತುಹೋಯಿತು. ಬಾಡಿಗೆ ಕಟ್ಟುವವನ ಗತಿ?

ಸುಮ್ನೆ_ಓದುಗ: ಒಂದೇ ಕಡೆ ಬೈಯಬೇಡಿ ಮಾರಾಯ್ರೆ. ಅಕ್ಟೋಬರ್‌ನಲ್ಲಿ ಶ್ವೇತಭವನ 1.8 ಲಕ್ಷ ಕೋಟಿಗೆ ಬಂದಾಗ ಸಾಲದು ಅಂದವರು ಆಗ ಹೌಸ್ ಸ್ಪೀಕರ್ ಆಗಿದ್ದ ಡೆಮಾಕ್ರಟ್ ಪೆಲೋಸಿ. ಹಾಗಂತ ಅವರು ಒಪ್ಪಿದ್ದರೂ ಸೆನೆಟ್ ರಿಪಬ್ಲಿಕನ್ನರು ಅಷ್ಟು ದುಡ್ಡಿಗೆ ತಯಾರಿರಲಿಲ್ಲ, ಅದು ಬೇರೆ ಮಾತು.

ಮಲ್ನಾಡ್_ಮಳೆ: ಅದೂ ನಿಜ.

ಬಿಸಿಬೇಳೆ: ಡಿಸೆಂಬರ್ ನಾಟಕ ಬಿಟ್ಟುಬಿಟ್ರಲ್ಲ. ಕೊನೆಗೂ ಎರಡೂ ಪಕ್ಷದವರು ತಲೆಗೆ 600 ಡಾಲರ್ ಚೆಕ್ಕಿಗೆ ಒಪ್ಪಿದ ಮೇಲೆ ಟ್ರಂಪ್ 2,000 ಬೇಕು ಅಂತ ಕೂತರು, ಡೆಮಾಕ್ರಟರು ತಕ್ಷಣ ಹೂಂ ಅಂದರು, ಅಡ್ಡ ಹಾಕಿದ್ದು ಟ್ರಂಪ್ ಅವರದೇ ಪಕ್ಷದ ಸೆನೆಟ್ ನಾಯಕ ಮೆಕಾನೆಲ್! ಹೊಸ ವರ್ಷದ ಹೊತ್ತಿಗೆ ಯಾರೋ ಮೆಕಾನೆಲ್ ಮನೆ ಬಾಗಿಲಿಗೆ 'ನನ್ನ ದುಡ್ಡೆಲ್ಲಿ' ಅಂತ ಬಣ್ಣ ಬಳಿದರು. ಪೆಲೋಸಿ ಮನೆ ಗ್ಯಾರೇಜ್ ಮುಂದೆ ಹಂದಿ ತಲೆ ಬಿದ್ದಿತ್ತು. ಪುಂಡಾಟಿಕೆಯೇ, ಆದರೆ ಎರಡೂ ಪಕ್ಷಗಳಿಗೆ ಸಮನಾಗಿ ಹಂಚಿದ್ದರು.