ಕಡಿಮೆ ಬೆಲೆಯ ಸಿನಿ ಲೆನ್ಸ್: ಕೊಳ್ಳುವ ಮುಂಚೆ ಏನು ನೋಡಬೇಕು? (ಪ್ರಶ್ನೋತ್ತರ)

ಟೆಕ್ನಿಷಿಯನ್: ಲೆನ್ಸ್ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ಕೇಳಿ. ಕ್ಯಾಮೆರಾ ಯಾವುದು, ಮೌಂಟ್ (ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗ) ಯಾವುದು ಅಂತ ಮರೆಯದೆ ಬರೆಯಿರಿ.

ಹೊಸ ಕ್ಯಾಮೆರಾ: ಮೇಡಂ, ಟಿ1.5 ಅಂದ್ರೆ ಎಫ್1.4 ತಾನೆ? ಬರೀ ಹೆಸರು ಬೇರೆ ಅಲ್ವಾ?

ಟೆಕ್ನಿಷಿಯನ್: ಅಲ್ಲ. ಎಫ್, ಲೆನ್ಸ್‌ನ ಎಂಎಂ ಅಂಕಿಯನ್ನು ಅಪರ್ಚರ್‌ನ (ಬೆಳಕು ಬರುವ ರಂಧ್ರದ) ಅಗಲದಿಂದ ಭಾಗಿಸಿದ ಲೆಕ್ಕದಿಂದ ಬಂದ ಸಂಖ್ಯೆ. ಟಿ ಅಂದರೆ ಗಾಜು ದಾಟಿ ನಿಜವಾಗಿ ಒಳಗೆ ಬಂದ ಬೆಳಕಿನ ಅಳತೆ; ಅಂಕಿ ಹೆಚ್ಚಾದಷ್ಟೂ ಬೆಳಕು ಕಡಿಮೆ. ಎಫ್1.4 ಲೆನ್ಸ್ ಶೇಕಡಾ 80ರಷ್ಟು ಬೆಳಕು ಬಿಟ್ಟರೆ ಅದರ ಟಿ ಸುಮಾರು 1.6. ಲೆನ್ಸ್ ಬದಲಿಸಿದಾಗ ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಏರುಪೇರಾಗಬಾರದು ಅಂತ ಸಿನಿಮಾದವರು ಟಿ ನೋಡುತ್ತಾರೆ.

ಕಿರುಚಿತ್ರ: ಮೇಡಂ, ಸೆಕೆಂಡ್ ಹ್ಯಾಂಡ್ 35 ಎಂಎಂ ಸಿನಿ ಲೆನ್ಸ್ ತಗೊಂಡೆ. ಇಎಫ್ (ಕ್ಯಾನನ್) ಮೌಂಟ್. ಅಡಾಪ್ಟರ್ (ನಡುವೆ ಕೂರಿಸೋ ಬಳೆ) ಹಾಕಿ ಇ (ಸೋನಿ) ಮೌಂಟ್ ಕ್ಯಾಮೆರಾದಲ್ಲಿ ಬಳಸ್ತಿದ್ದೀನಿ. ಮುಖ ಚೆನ್ನಾಗಿ ಬರುತ್ತೆ. ಆದ್ರೆ ಟಿ1.5ರಲ್ಲಿ ಫೋಕಸ್ ರಿಂಗ್ ಕೊನೆವರೆಗೂ ತಿರುಗಿಸಿದ್ರೂ 15 ಮೀಟರ್‌ ಆಚೆ ಇರೋದೆಲ್ಲಾ ಮಸುಕು. ಮೂರು ದಿನದಲ್ಲಿ ಶೂಟಿಂಗ್. ಗಾಜೇ ಕೆಟ್ಟಿದೆಯಾ?

ನೆರಳುಬೆಳಕು: ಹಿಂದಿನ ಸ್ಕ್ರೂ ಬಿಚ್ಚಿ ಒಳಗಿನ ಶಿಮ್ (ದೂರ ಹೊಂದಿಸೋಕೆ ಇಟ್ಟಿರೋ ತೆಳು ಬಳೆ) ತೆಗೀರಿ ಸಾಕು. ನನಗೆ ಬಂದ ವಿಡಿಯೋ ಫಾರ್ವರ್ಡ್ ಮಾಡ್ತೀನಿ.

ಟೆಕ್ನಿಷಿಯನ್: ಯಾರೂ ಸ್ಕ್ರೂ ಮುಟ್ಟಬೇಡಿ!

ಕಿರುಚಿತ್ರ ಅವರೇ, ಗಾಜು ಕೆಟ್ಟಿದ್ದರೆ ಹತ್ತಿರದ ಮುಖವೂ ಕೆಡುತ್ತಿತ್ತು. ಲೆನ್ಸ್ ಸೆನ್ಸರ್‌ನಿಂದ ಇರಬೇಕಾದ್ದಕ್ಕಿಂತ ಸ್ವಲ್ಪ ದೂರ ನಿಂತಿದೆ, ಅಷ್ಟೆ. 35 ಎಂಎಂನಲ್ಲಿ 15 ಮೀಟರ್‌ಗೆ ನಿಂತುಬಿಡುತ್ತದೆ ಅಂದರೆ ವ್ಯತ್ಯಾಸ ಹೆಚ್ಚುಕಡಿಮೆ 0.08 ಮಿಲಿಮೀಟರ್. ಒಂದು ಕಾಗದದ ಹಾಳೆಯಷ್ಟು. ಇದೇ ತಪ್ಪು 100 ಎಂಎಂ ಲೆನ್ಸ್‌ನಲ್ಲಿದ್ದರೆ 125 ಮೀಟರ್‌ವರೆಗೂ ಚೊಕ್ಕವಾಗಿ ಕಾಣುತ್ತಿತ್ತು, ನಿಮಗೆ ಗೊತ್ತೇ ಆಗುತ್ತಿರಲಿಲ್ಲ. 18 ಎಂಎಂ ಆಗಿದ್ದರೆ 4 ಮೀಟರ್‌ಗೇ ಮುಗೀತು. ಅದಕ್ಕೇ ನಾನು ಲೆನ್ಸ್ ಸೆಟ್ ಪರೀಕ್ಷೆ ಮಾಡುವಾಗ ಅಗಲದ (ಎಂಎಂ ಅಂಕಿ ಕಡಿಮೆ ಇರುವ) ಲೆನ್ಸನ್ನೇ ಮೊದಲು ಹಾಕುತ್ತೇನೆ.

ಈಗ ಪ್ರಶ್ನೆ, ತಪ್ಪು ಲೆನ್ಸ್‌ನದೋ ಅಡಾಪ್ಟರ್‌ನದೋ? ಇಎಫ್ ಮೌಂಟಿನಿಂದ ಸೆನ್ಸರ್‌ಗೆ 44 ಮಿ.ಮೀ. ಇರಬೇಕು, ಇ ಮೌಂಟಿನಿಂದ 18. ಹಾಗಾಗಿ ಅಡಾಪ್ಟರ್ ಸರಿಯಾಗಿ 26 ಮಿ.ಮೀ. ದಪ್ಪ ಇರಬೇಕು. ಅಡಾಪ್ಟರ್ ದಪ್ಪವಾಗಿದ್ದು ನೀವು ಲೆನ್ಸ್‌ನ ಶಿಮ್ ತೆಗೆದರೆ, ಆ ಲೆನ್ಸ್ ಆ ಒಂದು ಅಡಾಪ್ಟರ್‌ಗೆ ಮಾತ್ರ ಸರಿ, ಬೇರೆಲ್ಲಾ ಕಡೆ ತಪ್ಪು. ಇವತ್ತೇ ಯಾರದಾದರೂ ಇನ್ನೊಂದು ಇಎಫ್ ಲೆನ್ಸ್ ಅದೇ ಅಡಾಪ್ಟರ್‌ಗೆ ಹಾಕಿ ನೋಡಿ, ಅಗಲದ್ದಾದರೆ ಒಳ್ಳೆಯದು. ಏನಾಯಿತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.



ಸ್ಟಿಲ್ ಫೋಟೋ: ಸಿನಿ ಲೆನ್ಸ್ ಅಂತ ಸುಮ್ನೆ ದುಡ್ಡು ಹಾಳು. ಫೋಟೋ ಲೆನ್ಸ್‌ಗೆ ಗೇರ್ ರಿಂಗ್ (ಹಲ್ಲಿನ ಪಟ್ಟಿ) ಸುತ್ತಿದ್ರೆ ಆಯ್ತು.

ಫೋಕಸ್ ಪುಲ್ಲರ್: ನೀವು ಯಾವತ್ತಾದ್ರೂ ಫೋಕಸ್ ಎಳೆದಿದ್ದೀರಾ, ಅಂದ್ರೆ ಶಾಟ್ ನಡೀತಿರುವಾಗಲೇ ರಿಂಗ್ ತಿರುಗಿಸಿ ಫೋಕಸ್ ಬದಲಿಸಿದ್ದೀರಾ? ಈಗಿನ ಎಷ್ಟೋ ಫೋಟೋ ಲೆನ್ಸ್‌ಗಳಲ್ಲಿ ರಿಂಗ್‌ಗೆ ಕೊನೆಯೇ ಇಲ್ಲ. ಬೇಗ ತಿರುಗಿಸಿದ್ರೆ ಒಂದು ಜಾಗ, ನಿಧಾನಕ್ಕೆ ತಿರುಗಿಸಿದ್ರೆ ಇನ್ನೊಂದು. ನಾನು ಹಾಕಿದ ಗುರುತಿಗೆ ಏನು ಬೆಲೆ?

ಸ್ಟಿಲ್ ಫೋಟೋ: ಕೆಲವು ಕ್ಯಾಮೆರಾದಲ್ಲಿ ಅದನ್ನ ಲೀನಿಯರ್ (ವೇಗ ಏನೇ ಇರ್ಲಿ, ತಿರುಗಿಸಿದಷ್ಟೇ ಫೋಕಸ್ ಸರಿಯೋ ಹಾಗೆ) ಮಾಡ್ಕೋಬಹುದು. ಮೊದಲು ಮೆನು ಓದಿ.

ಫೋಕಸ್ ಪುಲ್ಲರ್: ಮೆನು ಓದೋರು ಸೆಟ್‌ಗೂ ಒಮ್ಮೆ ಬನ್ನಿ.

ಹೊಸಬ: ಟಿ1.5 ಮತ್ತು ಎಫ್1.4 ಒಂದೇನಾ?

ಟೆಕ್ನಿಷಿಯನ್: ಮೇಲೆ ಓದಿ.

ಮನೆ ಸ್ಟುಡಿಯೋ: ಫೋಕಸ್ ರಿಂಗ್ ಬಿಗಿಯಾಗಿದೆ. ಹೇರ್ ಡ್ರೈಯರ್ ಹಿಡಿದ್ರೆ ಸಡಿಲ ಆಗುತ್ತೆ, ಗಾಜಿನ ಗೀರಿಗೆ ಟೂತ್‌ಪೇಸ್ಟ್ ಅಂತ ಒಂದು ಮೆಸೇಜ್ ಬಂದಿದೆ. ಮಾಡಲಾ?

ಟೆಕ್ನಿಷಿಯನ್: ಮಾಡಬೇಡಿ. ಬಿಸಿಗೆ ಗ್ರೀಸ್ ತೆಳುವಾಗಿ ಅಪರ್ಚರ್ ಎಲೆಗಳ ಮೇಲೆ ಹರಿಯುತ್ತದೆ. ಗಾಜಿನ ಕೋಟಿಂಗ್‌ನ ಒಂದು ಪದರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳು. ಟೂತ್‌ಪೇಸ್ಟ್ ಉಜ್ಜುವ ಪುಡಿ, ಅದನ್ನು ಕೆರೆದು ಹಾಕುತ್ತದೆ. ಇಂಥ ಮೆಸೇಜ್ ನಂಬಿದವರ ಲೆನ್ಸ್ ನನ್ನ ಮೇಜಿಗೆ ಬರುತ್ತಲೇ ಇವೆ, ಎಷ್ಟೋ ಸಲ ಏನೂ ಮಾಡಲಾಗದ ಸ್ಥಿತಿಯಲ್ಲಿ. ದಯವಿಟ್ಟು ಇಲ್ಲಿ ಫಾರ್ವರ್ಡ್ ಹಾಕಬೇಡಿ.

ನೆರಳುಬೆಳಕು: ಎಲ್ಲರೂ ದುಡ್ಡು ಕೊಟ್ಟು ರಿಪೇರಿ ಮಾಡಿಸೋಕಾಗಲ್ಲ ಮೇಡಂ.

ಟೆಕ್ನಿಷಿಯನ್: ಕೆಡಿಸಿಕೊಂಡ ಮೇಲೆ ಇನ್ನೂ ಜಾಸ್ತಿ ಆಗುತ್ತದೆ.

ಮದುವೆ ವಿಡಿಯೋ: ಕೊಳ್ಳುವಾಗ ಅಂಗಡಿಯಲ್ಲಿ ಏನು ನೋಡಲಿ?

ಟೆಕ್ನಿಷಿಯನ್: ನಿಮ್ಮ ಕ್ಯಾಮೆರಾ, ಒಂದು ಟೇಪ್ ತಗೊಂಡು ಹೋಗಿ. ಕ್ಯಾಮೆರಾ ಮೇಲಿನ ಸೆನ್ಸರ್ ಗುರುತಿನಿಂದ 1, 2, 3 ಮೀಟರ್ ಅಳೆದು, ಅಪರ್ಚರ್ ಪೂರ್ತಿ ತೆರೆದು, ರಿಂಗ್ ಮೇಲಿನ ಅಂಕಿಗೆ ತಾಳೆ ನೋಡಿ. ಆಮೇಲೆ ಹತ್ತಿರದಿಂದ ದೂರಕ್ಕೆ ಫೋಕಸ್ ಎಳೆಯಿರಿ. ಚೌಕಟ್ಟು ಹಿಗ್ಗಿ ಕುಗ್ಗಿದರೆ ಅದು ಬ್ರೀದಿಂಗ್. ರಿಂಗ್ ದಿಕ್ಕು ಬದಲಿಸಿದಾಗ ಚಿತ್ರ ಪಕ್ಕಕ್ಕೆ ಜಿಗಿದರೆ ಬಿಟ್ಟು ಬನ್ನಿ. ಹಿನ್ನೆಲೆ ಎಷ್ಟು ಚೆಂದ ಮಸುಕಾಗುತ್ತದೆ ಅನ್ನೋದು ಕೊನೆಗೆ.

ಸ್ಟಿಲ್ ಫೋಟೋ: ಬ್ರೀದಿಂಗ್‌ಗೂ ಕ್ಯಾಮೆರಾದಲ್ಲೇ ಪರಿಹಾರ ಇದೆ.

ಫೋಕಸ್ ಪುಲ್ಲರ್: ಕೆಲವು ಲೆನ್ಸ್‌ಗೆ ಮಾತ್ರ, ಅದೂ ಚೌಕಟ್ಟು ಕತ್ತರಿಸಿ. ಪೂರ್ತಿ ಹೇಳಿ ಸ್ವಾಮಿ.

ಕಿರುಚಿತ್ರ: ಮೇಡಂ, ಗೆಳೆಯನ 24 ಎಂಎಂ ಹಾಕಿದೆ. ಅದೂ 7 ಮೀಟರ್ ಆಚೆಗೆ ಮಸುಕು. ಅವನ ಇಎಫ್ ಕ್ಯಾಮೆರಾಗೆ ಅಡಾಪ್ಟರ್ ಇಲ್ಲದೆ ನನ್ನ 35 ಹಾಕಿದ್ರೆ ದೂರದ ಟವರ್ ಕೂಡ ಚೊಕ್ಕ!

ಟೆಕ್ನಿಷಿಯನ್: ಲೆಕ್ಕ ಕೂಡಿತು, ಅದೇ 0.08. ಅಡಾಪ್ಟರ್ ದಪ್ಪ ಇದೆ, ಲೆನ್ಸ್ ಚೆನ್ನಾಗಿದೆ. ಅಡಾಪ್ಟರ್ ಮಾತ್ರ ಬದಲಿಸಿ. ಹೊಸದನ್ನೂ ಶೂಟಿಂಗ್ ಹಿಂದಿನ ದಿನ ದೂರದ ಟವರ್‌ಗೆ ಹಿಡಿದು ನೋಡಿ.